ಜ್ವರ ಬಿಟ್ಟ ದಿನ

ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಂದಾಗ ನನ್ನ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಆಟೋದಿಂದ ಇಳಿದವಳು ಒಳಗೆ ಬರುವ ಮೊದಲೇ ಹೊಸ್ತಿಲ ಹೊರಗೆ ನಿಂತು, ಸೊಂಟಕ್ಕೆ ಕೈಕೊಟ್ಟುಕೊಂಡು, "ವದಿನಾ, ಈಗ್ಲೇ ಹೇಳ್ತಿದೀನಿ. ನಾನು ಕಂಡಿಕೆ ಸುತ್ತಲ್ಲ, ಪಾತ್ರೆ ತೊಳ್ಯಲ್ಲ, ನೀರು ಹಿಡ್ಯಲ್ಲ. ತಿಂತೀನಿ, ಮಲಗ್ತೀನಿ ಅಷ್ಟೇ," ಅಂದಳು. ಅವಳ ಗಂಡ ಎರಡು ಬ್ಯಾಗು ಹೊತ್ತುಕೊಂಡು ಹಿಂದೆ ನಿಂತು ನಗುತ್ತಿದ್ದ. ಅವನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮಶೀನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನು ಎಲ್ಲಿ ಬಂದು ಕೂತರೂ ಅಲ್ಲಿ ಹಸಿ ಶೇಂಗಾ ಎಣ್ಣೆಯ ವಾಸನೆ ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತಿತ್ತು.

ವದಿನ ಅಂದರೆ ತೆಲುಗಿನಲ್ಲಿ ಅತ್ತಿಗೆ. ನಮ್ಮತ್ತೆಯ ತವರು ಗಡಿಯಾಚೆಗೆ, ರಾಯದುರ್ಗದ ಕಡೆ. ಮುದ್ದು ಬಂದಾಗ ತೆಲುಗು, ಸಿಟ್ಟು ಬಂದಾಗ ಕನ್ನಡ ಅವರಿಗೆ. ಮಗಳಿಗೂ ಅದೇ ಅಭ್ಯಾಸ. ನಾನು ತಳಕಿನ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಅವಳು ನನ್ನನ್ನು ವದಿನ ಅಂದದ್ದೇ ಇಲ್ಲ, ಬರೀ ಅತ್ತಿಗೆ. ಮಗ್ಗದ ಲಾಳಿಗೆ ನಾನು ನೂಲು ಸುತ್ತಿದ ಕಂಡಿಕೆ ಸಡಿಲ, ನನ್ನ ಸಾರಿನಲ್ಲಿ ಹುಳಿ ಹೆಚ್ಚು, ನಾನು ಕೂತಲ್ಲೇ ತೂಕಡಿಸುತ್ತೇನೆ, ಹೀಗೆ ದಿನಕ್ಕೊಂದು. ನಾನೂ ಏನು ಕಡಿಮೆ ಇರಲಿಲ್ಲ. ಅವಳ ಮದುವೆಯಾಗಿ, ಅವಳೂ ಒಬ್ಬ ಅತ್ತೆಯ ಮನೆ ಕಂಡ ಮೇಲೆ ನಮ್ಮಿಬ್ಬರ ನಡುವಿನದು ತಾನಾಗಿ ಸಡಿಲಾಯಿತು. ಆದರೆ ನಿಜವಾಗಿ ಗೆಳತಿಯರಾದದ್ದು ಆ ಹೆರಿಗೆಗೆ ಬಂದಾಗಲೇ. ಮಧ್ಯಾಹ್ನ ನಾನು ಮಗನಿಗೆ ಹಾಲು ಕುಡಿಸುತ್ತ ಕೂತರೆ ಪಕ್ಕದಲ್ಲೇ ಕಾಲು ಚಾಚಿ ಕೂತು, ನೋವು ಹೇಗಿರುತ್ತದೆ, ಕೂಗಿಕೊಂಡರೆ ನರ್ಸುಗಳು ಬಯ್ಯುತ್ತಾರಂತೆ ಹೌದಾ, ಹಾಲು ಬರದಿದ್ದರೆ ಏನು ಮಾಡುವುದು ಎಂದು ಕೇಳುತ್ತಲೇ ಇರುತ್ತಿದ್ದಳು. ನಾನು ಹೇಳಿದ್ದನ್ನು ನಂಬುತ್ತಲೂ ಇದ್ದಳು. ಮೊದಲ ಸಲ ಅವಳು ನನ್ನ ಮಾತು ನಂಬಿದ್ದು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕೈಮಗ್ಗಗಳಿವೆ. ನೆಲದಲ್ಲಿ ಗುಂಡಿ ತೋಡಿ ಕೂಡಿಸಿದ ಹಳೆಯ ಮಗ್ಗಗಳು. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಒಂದರಲ್ಲಿ ನಮ್ಮನೆಯವರು ರೇಷ್ಮೆ ಸೀರೆ ನೇಯುತ್ತಾರೆ. ಇನ್ನೊಂದು ಮಾವನವರು ತೀರಿಕೊಂಡ ಮೇಲೆ ಸುಮ್ಮನೆ ಇತ್ತು. ಆ ಸುಮ್ಮನಿದ್ದ ಮಗ್ಗವೇ ನನ್ನ ನಾದಿನಿಯ ಜಾಗ. ಅಂಗಾಲು ಉರಿಯುತ್ತದೆಂದು ಗುಂಡಿಯ ತಂಪಿಗೆ ಕಾಲು ಬಿಟ್ಟುಕೊಂಡು, ಅಣ್ಣನ ಲಾಳಿ ಓಡುವುದನ್ನು ನೋಡುತ್ತ, ಅಂಚಿನ ಬಣ್ಣಕ್ಕೆ ಹೆಸರಿಡುತ್ತ ಹೊತ್ತು ಕಳೆಯುತ್ತಿದ್ದಳು. ಗುಂಡಿಯೊಳಗಿನ ಕತ್ತಲಲ್ಲಿ ಸೊಳ್ಳೆಗಳು ಹಗಲಲ್ಲೇ ಕಚ್ಚುತ್ತಿದ್ದವು. ನಮ್ಮನೆಯವರು ಮೊಣಕಾಲವರೆಗೆ ಹಳೆಯ ಬಟ್ಟೆ ಸುತ್ತಿಕೊಂಡು ನೇಯುತ್ತಿದ್ದರು. ಅವಳು ಕಾಲಿನಿಂದ ಕಾಲು ಕೆರೆದುಕೊಂಡು ಮಾತು ಮುಂದುವರಿಸುತ್ತಿದ್ದಳು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಸೊಳ್ಳೆ ಒಂದು ವಿಷಯವೇ ಅಲ್ಲ.

ನಮ್ಮ ಬೀದಿಗೆ ನಲ್ಲಿ ನೀರು ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ವಾರವಾದರೂ ಇಲ್ಲ. ಹಾಗಾಗಿ ಹಿತ್ತಲಲ್ಲಿ ಎರಡು ನೀಲಿ ಡ್ರಮ್ಮು, ಸಿಮೆಂಟಿನ ತೊಟ್ಟಿ, ಬಚ್ಚಲಿನ ಹಂಡೆ, ಸಾಲು ಬಿಂದಿಗೆ, ಎಲ್ಲದರಲ್ಲೂ ಸದಾ ನೀರು. ನಮ್ಮ ಭಾಗದ ಆಶಾ ಕಾರ್ಯಕರ್ತೆ ಆಗಾಗ ಬಂದು ಟಾರ್ಚು ಬಿಟ್ಟು ನೋಡಿ, "ಅಮ್ಮ, ಹುಳ ಆಗ್ಯಾವೆ. ಚೆಲ್ಲಿ, ಉಜ್ಜಿ, ಒಣಗಿಸಿ ಆಮೇಲೆ ತುಂಬ್ರಿ," ಅನ್ನುತ್ತಿದ್ದಳು. ಅತ್ತೆಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಚೆಲ್ಲು ಅಂತೀಯಲ್ಲ, ನಾಳೆ ನಿಮ್ಮನೇಲಿಂದ ಹೊತ್ತು ತಂದು ಹಾಕ್ತೀಯೇನು?" ಎಂದು ಗದರಿಸಿ ಕಳಿಸುತ್ತಿದ್ದರು. ಅವಳು ಹೋದ ಮೇಲೆ ಸೆರಗಿನಿಂದ ನೀರು ಸೋಸಿ ಮತ್ತೆ ಅದೇ ಡ್ರಮ್ಮಿಗೆ ಸುರಿಯುತ್ತಿದ್ದರು. ಅದು ಹಠವಲ್ಲ. ಬಾವಿಯಿಂದ ನೀರು ಹೊತ್ತು ಹೊತ್ತು ಬಗ್ಗಿದ ಬೆನ್ನು ಅವರದು. ಒಂದು ಬಿಂದಿಗೆ ನೀರು ಚೆಲ್ಲುವುದೆಂದರೆ ಅವರ ಕೈ ಏಳುತ್ತಲೇ ಇರಲಿಲ್ಲ.

ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂತು. ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಜ್ವರ ಹಿಡಿದು ಮಲಗಿದರು. ಮೈಕೈ ನೋವು, ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ ನೋವು, ಹೆಚ್ಚಿನವರಿಗೆ ಅಷ್ಟೇ. ಎದ್ದರು, ಮಗ್ಗಕ್ಕೆ ಇಳಿದರು. ಮೊದಲು ನಮ್ಮನೆಯವರಿಗೆ ಬಂತು, ಹೋಯಿತು. ಆಮೇಲೆ ನಾದಿನಿಗೆ ಬಂತು.

ಒಂದು ಬೆಳಿಗ್ಗೆ ಎದ್ದವಳು, "ವದಿನಾ, ಕಣ್ಣು ಹೊರಳಿಸಿದ್ರೆ ನೋಯ್ತೈತೆ," ಅಂದಳು. ಮುಟ್ಟಿದರೆ ಕಾದ ಹೆಂಚು. ನಮ್ಮನೆಯವರು ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದರು. ವಯಸ್ಸಾದ ಡಾಕ್ಟರು, ಮೆದು ಮಾತಿನವರು. ರಕ್ತ ಪರೀಕ್ಷೆ ಮಾಡಿಸಿ, "ಡೆಂಗಿ ಇದ್ದಂಗೈತೆ. ಬಸುರಿ ಬೇರೆ. ದಿನಾ ಬಂದು ರಕ್ತ ತೋರಿಸ್ರಿ. ಪ್ಲೇಟ್‌ಲೆಟ್ ಇಳಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ," ಅಂದರಂತೆ. ಇನ್ನೂ ಒಂದು ಮಾತು ಹೇಳಿದ್ದರು. ಅದನ್ನು ನಮ್ಮನೆಯವರು ಮನೆಗೆ ಬಂದು ನಮಗೆಲ್ಲ ಹೇಳಿದರು, ನಾವೆಲ್ಲ ಕೇಳಿಸಿಕೊಂಡೆವು. "ಜ್ವರ ಬಿಟ್ರೂ ಬರ್ರಿ. ಬಿಟ್ಟ ಮೇಲಂತೂ ತಪ್ಪಿಸ್ಲೇಬೇಡ್ರಿ." ಜ್ವರ ಬಿಟ್ಟ ಮೇಲೆ ಯಾಕೆ ಎಂದು ನಮಗೆ ಹೊಳೆಯಲಿಲ್ಲ. ಡಾಕ್ಟರು ಏನಾದರೊಂದು ಹೇಳುತ್ತಾರೆ ಅಂದುಕೊಂಡೆವು.

ಜ್ವರವಿದ್ದಷ್ಟು ದಿನ ತಪ್ಪದೆ ಹೋಗಿ ಬಂದರು. ಪ್ಲೇಟ್‌ಲೆಟ್ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು, ಆದರೆ ಹೆದರುವಷ್ಟಲ್ಲ ಎಂದಿದ್ದರು. ಮನೆಯಲ್ಲಿ ಒದ್ದೆ ಬಟ್ಟೆ ಹಾಕುವುದು, ಗಂಜಿ ಕುಡಿಸುವುದು, ಅವಳು ವಾಂತಿ ಮಾಡುವುದು, ಮತ್ತೆ ಕುಡಿಸುವುದು. ಎದುರು ಮನೆಯ ಹೆಂಗಸು ಪರಂಗಿ ಎಲೆ ಅರೆದು ಲೋಟದಲ್ಲಿ ರಸ ತಂದಳು. ಇಡೀ ಬೀದಿ ಆಗ ಅದನ್ನೇ ಕುಡಿಯುತ್ತಿತ್ತು. ಅತ್ತೆ ಲೋಟವನ್ನು ಬಾಗಿಲಲ್ಲೇ ತಡೆದು, "ಬಸುರಿಗೆ ಪರಂಗಿ ಕೊಡ್ತಾರೇನೇ? ತಲೆ ಕೆಟ್ಟೈತಾ ನಿಂಗೆ?" ಎಂದು ಜಗಳವಾಡಿದರು. ಜ್ವರದ ಮಂಪರಿನಲ್ಲೂ ನಾದಿನಿ ಒಳಗಿನಿಂದ, "ಅವ್ವ, ಸುಮ್ನೆ ಇಸ್ಕೋ, ಅಣ್ಣಂಗೆ ಕುಡಿಸಾನ," ಅಂದದ್ದು ನೆನಪಿದೆ. ಆ ದಿನಗಳಲ್ಲಿ ಅತ್ತೆ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತರು. ಮಗಳ ಜ್ವರ ಬಿಟ್ಟರೆ ನಮ್ಮ ಮಗ್ಗದಲ್ಲೇ ನೇಯ್ದ ಸೀರೆ ಉಡಿಸುತ್ತೇನೆ ಅಂತ.

ಜ್ವರ ಬಿಟ್ಟಿತು.

ಬೆಳಿಗ್ಗೆ ನಾನು ಹಣೆ ಮುಟ್ಟಿದಾಗ ತಣ್ಣಗಿತ್ತು. ಅವಳು ಕಣ್ಣು ತೆರೆದು, "ಹಸಿವು," ಅಂದಳು. ಆ ಒಂದು ಮಾತಿಗೆ ಮನೆಯಲ್ಲಿ ಎಲ್ಲರ ಮುಖ ಅರಳಿತು. ಅತ್ತೆ ದೇವರ ಮುಂದೆ ಹೋಗಿ ನಿಂತರು. ನಾನು ಮಂಡಕ್ಕಿ ಒಗ್ಗರಣೆ ಮಾಡಿದೆ, ಅವಳಿಗೆ ಅದೇ ಬೇಕಿತ್ತು. ನಾಲ್ಕು ತುತ್ತು ತಿಂದು ಸಾಕು ಅಂದಳು. ಆಮೇಲೆ ನಮ್ಮನೆಯವರು ಅಂಗಿ ಹಾಕಿಕೊಂಡು ಬಂದು, "ನಡಿ, ರಕ್ತ ತೋರಿಸ್ಕೊಂಡು ಬರಾನ," ಅಂದರು.

"ಏನಣ್ಣ, ಜ್ವರ ಬಿಟ್ಟೈತೆ. ಇನ್ನೂ ಚುಚ್ಚಿಸ್ಕೋಬೇಕಾ? ನೋಡಿಲ್ಲಿ, ಕೈಯೆಲ್ಲ ತೂತು ಮಾಡಿಟ್ಟವ್ರೆ."

"ಡಾಕ್ಟರು ಬಾ ಅಂದಾರಲ್ಲ."

"ನಾಳೆ ಹೋಗಾನ. ಇವತ್ತೊಂದಿನ ಮಲಗ್ತೀನಿ. ನಿದ್ದೇನೇ ಆಗಿಲ್ಲ ನಂಗೆ."

ಅತ್ತೆಯೂ, "ಮಲಗ್ಲಿ ಬಿಡು. ಒಂದಿನಕ್ಕೆ ಏನಾಗ್ತೈತೆ?" ಅಂದರು. ನಮ್ಮನೆಯವರು ನನ್ನ ಕಡೆ ನೋಡಿದರು. ನನಗೂ ಅವಳು ಮಲಗುವುದೇ ಸರಿ ಅನ್ನಿಸಿತ್ತು. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಮಗ್ಗಕ್ಕೆ ಇಳಿದರು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಲಾಳಿಯ ಸದ್ದು ಕೇಳಿಸಿತು. ಅತ್ತೆ ಚಳ್ಳಕೆರೆಗೆ ಫೋನ್ ಮಾಡಿ ಅಳಿಯನಿಗೆ, ಜ್ವರ ಬಿಡ್ತು ಕಣಪ್ಪ, ನೀನೇನು ಕೆಲಸ ಬಿಟ್ಟು ಬರೋದು ಬೇಡ ಎಂದು ಹೇಳಿದರು. ಆ ಬೆಳಗಿನಷ್ಟು ಸಂತೋಷವಾಗಿ ನಾವು ಇದ್ದದ್ದು ಕಡಿಮೆ. ಈಗ ಅದನ್ನು ನೆನೆದರೆ ಆ ಸಂತೋಷವೇ ನನ್ನನ್ನು ಹೆಚ್ಚು ಸುಡುತ್ತದೆ.

ಮಧ್ಯಾಹ್ನ ಅವಳು ಹೊಟ್ಟೆ ನೋವು ಅಂದಳು. ಒಂಬತ್ತು ಈಗಷ್ಟೇ ಹಿಡಿದಿತ್ತು, ಇಷ್ಟು ಬೇಗ ಹೆರಿಗೆ ನೋವಾ ಎಂದು ಅತ್ತೆ ಬೆನ್ನು ಸವರಿದರು. ಆದರೆ ನೋವು ಬಂದು ಹೋಗಿ ಬಂದು ಹೋಗಿ ಮಾಡುತ್ತಿರಲಿಲ್ಲ, ಮೇಲುಹೊಟ್ಟೆಯಲ್ಲಿ ನಿಂತೇ ಇತ್ತು. ಬಾಯಿ ಮುಕ್ಕಳಿಸಿದಾಗ ನೀರು ಕೆಂಪಗಿತ್ತು. ಮಂಡಕ್ಕಿಯ ಮೆಣಸಿನಕಾಯಿಯ ಬಣ್ಣವೇನೋ ಅಂದುಕೊಂಡು ಬಾಯಿ ತೆರೆಸಿ ನೋಡಿದೆ. ವಸಡಿನ ಉದ್ದಕ್ಕೂ ರಕ್ತ ಸಣ್ಣಗೆ ಒಸರುತ್ತಿತ್ತು. ಕೈ ಹಿಡಿದೆ. ಬೆಳಿಗ್ಗೆ ತಣ್ಣಗಿದ್ದದ್ದು ಜ್ವರ ಬಿಟ್ಟ ತಣ್ಣಗೆ. ಈಗಿನದು ಬೇರೆ. ನೀರಿನಿಂದ ಆಗ ತಾನೆ ತೆಗೆದ ಬಟ್ಟೆ ಮುಟ್ಟಿದ ಹಾಗಿತ್ತು. ಅವಳು ಒಂದು ಮಗ್ಗುಲಲ್ಲಿ ಇರಲಾರದೆ ಹೊರಳಾಡುತ್ತಿದ್ದಳು. "ವದಿನಾ, ಏನೋ ಆಗ್ತೈತೆ. ಏನಂತ ಗೊತ್ತಾಗ್ತಿಲ್ಲ," ಅಂದಳು.

ಆಂಬುಲೆನ್ಸ್ ಬಂತು. ಮಗನನ್ನು ಎದುರು ಮನೆಯ ಹೆಂಗಸಿನ ಕೈಗೆ ಕೊಟ್ಟು ನಾನೂ ಅತ್ತೆಯೂ ಒಳಗೆ ಹತ್ತಿದೆವು. ನಮ್ಮನೆಯವರು ಮುಂದೆ ಡ್ರೈವರನ ಪಕ್ಕ ಕೂತರು. ಹೆದ್ದಾರಿ ಕೂಡುವ ಕ್ರಾಸಿಗೆ ಬಂದಾಗ ಡ್ರೈವರ್ ಗಾಡಿ ನಿಧಾನ ಮಾಡಿ ಕೇಳಿದ. "ಎತ್ಲಾಗೆ ಹೋಗಾದು? ಬಳ್ಳಾರಿಗಾ, ಚಳ್ಳಕೆರೆಗಾ?"

ಬಳ್ಳಾರಿ ಹತ್ತಿರ, ಅಲ್ಲಿ ದೊಡ್ಡಾಸ್ಪತ್ರೆಯೂ ಇದೆ. ಆದರೆ ನಮಗೆ ಅಲ್ಲಿ ಯಾರೂ ಇಲ್ಲ. ಚಳ್ಳಕೆರೆಯಲ್ಲಿ ಅವಳ ಗಂಡನಿದ್ದಾನೆ, ಗಂಡನ ಮನೆಯವರಿದ್ದಾರೆ. ಅತ್ತೆ ಹಿಂದಿನಿಂದ, "ಚಳ್ಳಕೆರೆಗೇ ನಡಿಯಪ್ಪ, ಅಲ್ಲಿ ಅಳಿಯ ಅದಾನೆ," ಅಂದರು. ಗಾಡಿ ಅತ್ತ ತಿರುಗಿತು. ಚಳ್ಳಕೆರೆಯಲ್ಲಿ ಬಾಟಲಿ ಏರಿಸಿ, ನೋಡಿದ ಡಾಕ್ಟರು ಇಲ್ಲಿ ಆಗುವುದಿಲ್ಲ, ತಡ ಮಾಡದೆ ಜಿಲ್ಲೆಯ ದೊಡ್ಡಾಸ್ಪತ್ರೆಗೆ, ದುರ್ಗಕ್ಕೆ ಹೋಗಿ ಎಂದು ಕಳಿಸಿಕೊಟ್ಟರು. ಮಿಲ್ಲಿನಿಂದ ಓಡಿಬಂದ ಅವಳ ಗಂಡ ಅಲ್ಲಿ ನಮ್ಮ ಜೊತೆ ಹತ್ತಿದ. ಮೈಮೇಲೆ ಇನ್ನೂ ಕೆಲಸದ ಅಂಗಿಯೇ ಇತ್ತು. ಅವಳು ಅವನನ್ನು ನೋಡಿ, "ಸ್ನಾನ ಮಾಡ್ಕೊಂಡಾದ್ರೂ ಬರಬಾರ್ದಾ?" ಅಂದಳು.

ಅತ್ತ ತಿರುಗದೆ ಇತ್ತ ತಿರುಗಿದ್ದರೆ ಎಂದು ನಾವು ಎಷ್ಟು ಸಲ ಯೋಚಿಸಿದ್ದೇವೋ. ತಿಂಗಳುಗಳಾದ ಮೇಲೆ ನಮ್ಮನೆಯವರು ಪೇಟೆಯ ಡಾಕ್ಟರ ಹತ್ತಿರ ಹೋಗಿ ಇದನ್ನೇ ಕೇಳಿದರು. ಅವರು, "ಹೇಳಾಕಾಗಲ್ಲಪ್ಪ. ಬೆಳಿಗ್ಗೇನೇ ಬಂದಿದ್ರೂ ಏನಾಗ್ತಿತ್ತು ಅಂತ ಹೇಳಾಕಾಗಲ್ಲ. ಅದ್ರ ಕಾಟ ಶುರುವಾಗೋದೇ ಜ್ವರ ಬಿಟ್ಟ ಮೇಲೆ," ಅಂದರಂತೆ. ರಕ್ತನಾಳಗಳು ಸೋರುವ ಬಟ್ಟೆಯಂತಾಗುತ್ತವೆ, ಒಳಗಿನ ನೀರೆಲ್ಲ ಹೊರಕ್ಕೆ ಜಾರುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರಂತೆ. ನೇಕಾರನಿಗೆ ಅರ್ಥವಾಗಲಿ ಅಂತ ಬಟ್ಟೆಯ ಮಾತು ತಂದಿರಬೇಕು. ನಮ್ಮನೆಯವರು ಮನೆಗೆ ಬಂದು ಅಷ್ಟನ್ನು ನನಗೆ ಹೇಳಿ ಎದ್ದು ಹಿತ್ತಲಿಗೆ ಹೋದರು.

ದುರ್ಗದ ಆಸ್ಪತ್ರೆಗೆ ಸೇರಿಸಿದ ಮೇಲೆ ನಿಜವಾದ ಹೆರಿಗೆ ನೋವು ಶುರುವಾಯಿತು. ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, ಈಗ ಕೊಯ್ದು ಮಗು ತೆಗೆಯುವುದು ಅಪಾಯ, ರಕ್ತ ನಿಲ್ಲುವುದಿಲ್ಲ, ಪ್ಲೇಟ್‌ಲೆಟ್ ಕೊಡುತ್ತ ತಾನಾಗಿ ಆಗಲು ನೋಡುತ್ತೇವೆ, ರಕ್ತ ಕೊಡುವವರನ್ನು ಕರೆಸಿ ಅಂದರು. ನಾದಿನಿಯ ಗಂಡ ಮಿಲ್ಲಿಗೆ ಫೋನ್ ಮಾಡಿದ. ನಮ್ಮನೆಯವರು ಮೊಳಕಾಲ್ಮೂರಿಗೆ ಮಾಡಿದರು. ಎರಡೂ ಕಡೆಯಿಂದ ಜನ ಬಂದರು. ಮಿಲ್ಲಿನ ಹಮಾಲರು, ನಮ್ಮ ಬೀದಿಯ ನೇಕಾರರು, ಒಬ್ಬರಿಗೊಬ್ಬರು ಗುರುತಿಲ್ಲದವರು, ಒಂದೇ ಬೆಂಚಿನ ಮೇಲೆ ತೋಳು ಮಡಿಸಿಕೊಂಡು ಕೂತಿದ್ದರು. ನಮ್ಮನೆಯವರನ್ನು ಮಾತ್ರ ಬೇಡ ಅಂದರು. ಅವರಿಗೇ ಜ್ವರ ಬಂದು ಹೋಗಿ ಹೆಚ್ಚು ದಿನವಾಗಿರಲಿಲ್ಲ. ತಂಗಿಗೆ ಕೊಡಲು ತನ್ನ ರಕ್ತ ಆಗಿಬರಲಿಲ್ಲವಲ್ಲ ಎಂದು ಅವರು ಗೋಡೆ ಕಡೆ ಮುಖ ಮಾಡಿ ನಿಂತರು.

ಮಗು ಹುಟ್ಟಿತು, ಹೆಣ್ಣು. ತಿಂಗಳು ತುಂಬದ ಕೂಸು, ಒಂದು ಹಿಡಿಯಷ್ಟು. ನರ್ಸು ಅದನ್ನು ಗಾಜಿನ ಪೆಟ್ಟಿಗೆಗೆ ಒಯ್ಯುವ ಮೊದಲು ತಾಯಿಗೆ ತೋರಿಸಿದಳು. ನಾನು ಪಕ್ಕದಲ್ಲಿದ್ದೆ. ನಾದಿನಿಯ ತುಟಿ ಬಿಳುಚಿಕೊಂಡಿತ್ತು, ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ನೀಲಿ ಕಟ್ಟಿತ್ತು.

"ಯಾರಂಗೈತೆ?" ಎಂದು ಕೇಳಿದಳು.

"ನಿನ್ನಂಗೇ ಐತೆ," ಅಂದೆ.

"ಅಯ್ಯೋ ಪಾಪ," ಅಂದು ನಕ್ಕಳು.

ರಕ್ತ ನಿಲ್ಲಲಿಲ್ಲ. ಅವರು ಒಂದು ಕಡೆಯಿಂದ ಏರಿಸಿದರು, ಅದು ಇನ್ನೊಂದು ಕಡೆಯಿಂದ ಹೋಗುತ್ತಲೇ ಇತ್ತು. ನಮ್ಮನ್ನು ಹೊರಗೆ ಕಳಿಸಿದರು. ಬೆಳಗಾದ ಮೇಲೆ ಡಾಕ್ಟರಮ್ಮ ಹೊರಬಂದು ಅತ್ತೆಯ ಪಕ್ಕ ಕೂತರು. ಅವರು ಕೂತದ್ದು ನೋಡಿಯೇ ನನಗೆ ತಿಳಿಯಿತು.

ಅದರ ಮುಂದಿನದನ್ನು ಹೆಚ್ಚು ಹೇಳಲಾರೆ. ಅವಳನ್ನು ಚಳ್ಳಕೆರೆಯಲ್ಲಿ ಮಣ್ಣು ಮಾಡಿದರು. ನಾನು ಹೋಗಲಿಲ್ಲ, ಕೂಸಿನ ಹತ್ತಿರ ಆಸ್ಪತ್ರೆಯಲ್ಲಿ ಉಳಿದೆ. ನನ್ನ ಮಗ ಮೊಳಕಾಲ್ಮೂರಿನಲ್ಲಿದ್ದ, ನನ್ನ ಎದೆ ಕಟ್ಟಿ ಕಲ್ಲಿನಂತಾಗಿತ್ತು, ರವಿಕೆ ಒದ್ದೆಯಾಗಿ ಸೆರಗು ಹೊದ್ದುಕೊಂಡು ಕೂತಿದ್ದೆ. ಕೂಸಿನ ವಾರ್ಡಿನ ನರ್ಸು ಅದನ್ನು ನೋಡಿ, ಡಾಕ್ಟರನ್ನು ಕೇಳಿಕೊಂಡು ಬಂದು, "ಹಿಂಡಿ ಕೊಡ್ತೀರೇನಮ್ಮ? ಚಮಚದಲ್ಲಿ ಹಾಕ್ತೀವಿ," ಅಂದಳು. ಹಾಲು ಬರದಿದ್ದರೆ ಏನು ಮಾಡುವುದು ಎಂದು ಕೇಳುತ್ತಿದ್ದವಳ ಮಗುವಿಗೆ ನನ್ನ ಹಾಲು ಹೋಯಿತು. ಕೂಸು ಗಟ್ಟಿಯಾದ ಮೇಲೆ ಪೆಟ್ಟಿಗೆಯಿಂದ ಹೊರಗೆ ಕೊಟ್ಟರು. ಅಷ್ಟರಲ್ಲಿ ನಮ್ಮನೆಯವರು ನನ್ನ ಮಗನನ್ನೂ ಅಲ್ಲಿಗೇ ಕರೆತಂದಿದ್ದರು. ಇಬ್ಬರನ್ನೂ ಎತ್ತಿಕೊಂಡು ಮನೆಗೆ ಬಂದೆ.

ಸೂತಕ ಕಳೆದ ಮೇಲೆ ಅತ್ತೆ ಒಂದು ಸೀರೆ ತೆಗೆದು ಮಡಿಸಿಕೊಂಡು ಗೌರಸಮುದ್ರಕ್ಕೆ ಹೊರಟರು. ನಮ್ಮನೆಯವರಿಗೆ ತಡೆಯಲಾಗಲಿಲ್ಲ. "ಯಾವ ಬಾಯಲ್ಲಿ ಹೋಗ್ತೀಯವ್ವ? ಏನು ಉಳಿಸ್ತು ಅಂತ ಉಡಿಸ್ತೀಯ?" ಎಂದು ಕೂಗಾಡಿದರು. ಅತ್ತೆ ಚಪ್ಪಲಿ ಮೆಟ್ಟುತ್ತ, "ನಾನು ಹರಕೆ ಹೊತ್ತಿದ್ದು ಜ್ವರ ಬಿಡ್ಲಿ ಅಂತ. ಜ್ವರ ಬಿಡ್ತಲ್ಲ. ಕೇಳಾಕೆ ನಂಗೇ ಬರ್ಲಿಲ್ಲ," ಅಂದರು. ಒಬ್ಬರೇ ಹೋಗಿ ಬಂದರು.

ಆಮೇಲೆ ಅತ್ತೆ ಬೇರೆಯೇ ಮನುಷ್ಯರಾದರು. ಡ್ರಮ್ಮು, ತೊಟ್ಟಿಗಳನ್ನು ವಾರವಾರ ಬರಿದು ಮಾಡಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಅವರು ನೀರು ಚೆಲ್ಲುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮಗ್ಗದ ಗುಂಡಿಗೆ ಬೇವಿನ ಹೊಗೆ ಹಾಕುತ್ತಿದ್ದರು. ಅಷ್ಟಾದರೆ ಸರಿ, ಬೀದಿಯಲ್ಲಿ ಯಾರ ಮನೆಯಲ್ಲಿ ಜ್ವರವೆಂದು ಕೇಳಿದರೂ ಅಲ್ಲಿಗೆ ಹೋಗಿ ಕೂರತೊಡಗಿದರು. ಜ್ವರವಿರುವಾಗ ಸುಮ್ಮನೆ ಕೂತಿದ್ದು ಬರುತ್ತಿದ್ದರು. ಬಿಟ್ಟಿತೆಂದು ತಿಳಿದ ಕೂಡಲೇ ಮತ್ತೆ ಹೋಗಿ ಅವರ ಕೈಕಾಲು ಮುಟ್ಟಿ ನೋಡಿ, "ಬಿಡ್ತಾ? ಹಂಗಾದ್ರೆ ಈಗ ಏಳು, ಆಸ್ಪತ್ರೆಗೆ ನಡಿ," ಎಂದು ಬೆನ್ನು ಹತ್ತುತ್ತಿದ್ದರು. ಕೆಲವರು ನಕ್ಕರು. ಒಂದು ಮನೆಯಲ್ಲಿ, ಈ ಮುದುಕಿ ಅಪಶಕುನ ನುಡೀತಾಳೆ, ಒಳಗೆ ಬಿಡಬೇಡಿ ಅಂದರಂತೆ. ಅತ್ತೆ ಆ ಮನೆಯ ಕಟ್ಟೆಯ ಮೇಲೆಯೇ ಕೂತು ಅವರು ಗಾಡಿ ಹತ್ತುವವರೆಗೆ ಏಳಲಿಲ್ಲ. ಎದುರು ಮನೆಯ ಹೆಂಗಸಿನ ಮಗಳನ್ನು ಹಾಗೆ ಬೈದು ಬೈದು ಕಳಿಸಿದ್ದರಿಂದ ಅವಳು ಉಳಿದಳು ಎಂದು ಅವಳ ತಾಯಿ ಇವತ್ತಿಗೂ ಹೇಳುತ್ತಾಳೆ. ಇರಬಹುದು. ಅತ್ತೆ ಆ ಮಾತು ಕೇಳಿದರೆ ಎದ್ದು ಹೋಗಿಬಿಡುತ್ತಿದ್ದರು. ಹೊರಗಿನ ಮಗಳು ಉಳಿದದ್ದು ಅವರಿಗೆ ಸಮಾಧಾನ ಕೊಟ್ಟಿತೋ, ಇನ್ನಷ್ಟು ನೋಯಿಸಿತೋ, ನಾನು ಕೇಳಲಿಲ್ಲ.

ಎರಡು ಮಕ್ಕಳನ್ನು ಎರಡು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸಿದೆ. ಮಗ ತಿಂಡಿಪೋತ, ಅವನನ್ನು ಗಂಜಿಗೆ ಹಚ್ಚಿ ಅವಳಿಗೆ ಹೆಚ್ಚು ಉಳಿಸಿದೆ. ನಮ್ಮ ಕಡೆ ಸೋದರಮಾವನ ಮಗನಿಗೂ ಸೋದರತ್ತೆಯ ಮಗಳಿಗೂ ಮದುವೆ ಮಾಡುವುದುಂಟು. ಬೀದಿಯ ಕೊನೆಯ ಮನೆಯ ಅಜ್ಜಿ ಇಬ್ಬರನ್ನೂ ನನ್ನ ಮಡಿಲಲ್ಲಿ ನೋಡಿ, "ಹೋಯ್ತು ಬಿಡಮ್ಮ, ಒಂದೇ ಎದೆ ಹಾಲು ಕುಡ್ದ್ಮೇಲೆ ಅಣ್ಣ ತಂಗಿ ಆದ್ರು," ಅಂದಳು. ನನಗೆ ಅದು ನಷ್ಟವೆನಿಸಲಿಲ್ಲ. ಮಗ ಅವ್ವ ಅಂದದ್ದನ್ನು ಕೇಳಿ ಅವಳೂ ನನ್ನನ್ನು ಅವ್ವ ಅಂದಳು. ಯಾರೂ ತಿದ್ದಲಿಲ್ಲ.

ಅವಳ ಅಪ್ಪ ಪ್ರತಿ ಭಾನುವಾರ ಚಳ್ಳಕೆರೆಯಿಂದ ಬರುತ್ತಿದ್ದ, ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು. ಬಂದವನು ಹೆಚ್ಚು ಮಾತಾಡುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣ ಇಟ್ಟು, ಮಗಳನ್ನು ಎತ್ತಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ತಿರುಗಿ, ಊಟ ಮಾಡಿ ಹೋಗುತ್ತಿದ್ದ. ನಾಲ್ಕನೆಯ ವರ್ಷಕ್ಕೆ ಅವನಿಗೆ ಮನೆಯವರು ಮತ್ತೆ ಮದುವೆ ಮಾಡಿದರು. ಅವನು ಬಂದು ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. "ಮಾಡ್ಕೋಬೇಕಣ್ಣ. ಎಷ್ಟು ದಿನ ಅಂತ ಹಿಂಗೆ ಇರ್ತೀಯ?" ಎಂದು ನಾನೇ ಹೇಳಿದೆ. ಮನಸ್ಸಿನಿಂದಲೇ ಹೇಳಿದೆ. ಅದರ ಹಿಂದೆಯೇ ಏನು ಬರುತ್ತದೆಂದು ಗೊತ್ತಿದ್ದೂ ಹೇಳಿದೆ.

ಹೊಸ ಹೆಂಡತಿ ಒಳ್ಳೆಯ ಹುಡುಗಿ. ಮಗುವನ್ನು ಸ್ಕೂಲಿಗೆ ಸೇರಿಸುವ ಹೊತ್ತಿಗೆ ಅವಳೇ ಗಂಡನ ಜೊತೆ ಬಂದು ನನ್ನ ಪಕ್ಕ ಕೂತು, "ಅಕ್ಕ, ನಮ್ಮನೇಲಿ ಬೆಳೀಲಿ. ಅವ್ರಿಗೆ ಮಗಳನ್ನ ಬಿಟ್ಟಿರಾಕೆ ಆಗ್ತಿಲ್ಲ. ನೀವು ಯಾವಾಗ ಬಾ ಅಂದ್ರೂ ಕಳಿಸ್ತೀನಿ," ಅಂದಳು. ಇಲ್ಲ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ, ಕಾರಣವೂ ಇರಲಿಲ್ಲ. ಹೊರಡುವ ದಿನ ಮಗು ಅಳುತ್ತಾಳೆ, ನಾನು ಹೇಗೆ ತಡೆಯಲಿ ಎಂದು ಹೆದರಿದ್ದೆ. ಅವಳು ಅಳಲಿಲ್ಲ. ಬೈಕಿನ ಟ್ಯಾಂಕಿನ ಮೇಲೆ ಅಪ್ಪನ ಮುಂದೆ ಕೂರುವ ಖುಷಿಯಲ್ಲಿ ಹಾರನ್ ಒತ್ತುತ್ತಲೇ ಹೋದಳು. ಅತ್ತವನು ನನ್ನ ಮಗ. ಅವನನ್ನು ಸಮಾಧಾನ ಮಾಡುವ ನೆಪದಲ್ಲಿ ನಾನೂ ಅತ್ತುಬಿಟ್ಟೆ.

ಒಂದೆರಡು ವರ್ಷ ಫೋನಿನಲ್ಲಿ ಅವ್ವ ಅನ್ನುತ್ತಿದ್ದಳು. ಆಮೇಲೆ ಚಳ್ಳಕೆರೆ ಅವ್ವ, ಮೊಳಕಾಲ್ಮೂರು ಅವ್ವ ಎಂದಾಯಿತು. ಈಗ ನಾನು ಅತ್ತೆ. ಸೋದರಮಾವನ ಹೆಂಡತಿಯನ್ನು ಹಾಗೆಯೇ ಕರೆಯುವುದು, ತಪ್ಪೇನಿಲ್ಲ. ಮೊದಲ ಸಲ ಅವಳು ಹಾಗೆ ಕರೆದಾಗ ಹಿಂದೆ ನಮ್ಮತ್ತೆ ಬಂದು ನಿಂತರೇನೋ ಎಂದು ತಿರುಗಿ ನೋಡಿದ್ದೆ.

ನಮ್ಮತ್ತೆ ತೀರಿಕೊಂಡು ಈಗ ಎರಡು ವರ್ಷ. ಹುಡುಗಿ ಈ ಸಲ ಬೇಸಿಗೆ ರಜಕ್ಕೆ ಬಂದಿದ್ದಳು. ಮೂರನೆಯ ಕ್ಲಾಸು ಮುಗಿಸಿದ್ದಾಳೆ, ಮಾತು ಜೋರು. ಒಂದು ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದಳು.

"ಅತ್ತೆ, ನಮ್ಮವ್ವ ಹೆಂಗಿದ್ಲು?"

"ನಿನ್ನಂಗೇ ಇದ್ಲು," ಅಂದೆ.

"ಅದು ಎಲ್ರೂ ಹೇಳ್ತಾರೆ. ಏನ್ ಮಾಡ್ತಿದ್ಲು, ಏನ್ ಮಾತಾಡ್ತಿದ್ಲು, ಅದು ಹೇಳು."

ಹೇಳಲು ಬಾಯಿ ತೆರೆದೆ. ಕಣ್ಣ ಮುಂದೆ ಬಂದದ್ದು ತಣ್ಣನೆಯ ಕೈ, ಕೆಂಪು ನೀರು, ಆಂಬುಲೆನ್ಸಿನ ಕಿಟಕಿ. ಅದನ್ನು ಪಕ್ಕಕ್ಕೆ ಸರಿಸಿ ಇನ್ನೇನಾದರೂ ಹುಡುಕಿದರೆ ಮತ್ತೆ ಅದೇ ವಾರ, ಅದೇ ಹಾಸಿಗೆ. ಅವಳು ಈ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ್ದಳು, ನನ್ನ ಕಣ್ಣೆದುರೇ ಎಷ್ಟೋ ವರ್ಷ. ಆ ಒಂದು ವಾರ ಅಷ್ಟೂ ವರ್ಷಗಳ ಮೇಲೆ ಬಿದ್ದು ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಮನೆಯಲ್ಲಿ ಅವಳ ಮಾತು ಬಂದಾಗೆಲ್ಲ ನಾವು ಮಾತಾಡಿದ್ದು ಜ್ವರದ್ದೇ. ಅವಳ ಬಗ್ಗೆ ಮಾತಾಡಿದ್ದೇ ಕಡಿಮೆ. ಜಗಳವಾಡಿದ ವರ್ಷಗಳಲ್ಲಿ ನಾನು ಅವಳನ್ನು ಸರಿಯಾಗಿ ನೋಡಲೂ ಇಲ್ಲ, ಮುಂದೆ ನೋಡಿದರಾಯಿತು ಅಂದುಕೊಂಡಿರಬೇಕು. ನನ್ನ ಹತ್ತಿರ ಉಳಿದದ್ದು ಎಷ್ಟು ಸ್ವಲ್ಪ ಎಂದು ಜಡೆ ಹಿಡಿದುಕೊಂಡೇ ಕೂತೆ.

ಆಮೇಲೆ ಒಂದು ನೆನಪಾಯಿತು. ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಎಲ್ಲರೂ ಹೋಗಿದ್ದೆವು, ಅವಳ ಮದುವೆಗೆ ಮುಂಚೆ. ಮೆಟ್ಟಿಲ ಮೇಲೆ ಒಂದು ಕೋತಿ ಅವಳ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಕಿತ್ತುಕೊಂಡಿತು. ನಾವೆಲ್ಲ ಕಿರುಚಿ ಹಿಂದೆ ಸರಿದೆವು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ಅದರ ಹಿಂದೆ ಓಡಿ, ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದು, ಚೀಲ ಕಸಿದುಕೊಂಡೇ ಬಂದಳು. ಬಂದವಳು ಒಂದು ಹಣ್ಣು ಮುರಿದು, ಪಾಪ ಅದಕ್ಕೂ ಹಸಿವಾಗಿರ್ತೈತೆ ಎಂದು ಅತ್ತ ಎಸೆದಳು.

ಹುಡುಗಿ ಬಿದ್ದು ಬಿದ್ದು ನಕ್ಕಳು. ಜಡೆ ಕೈಯಿಂದ ಜಾರಿ ಮತ್ತೆ ಬಿಚ್ಚಿಕೊಂಡಿತು.

"ಇನ್ನೊಂದು ಹೇಳು."

ನನ್ನ ಹತ್ತಿರ ಇನ್ನೊಂದು ಇರಲಿಲ್ಲ. ಮುಂದಿನ ಕೋಣೆಯ ಕಡೆ ತಿರುಗಿ, "ರೀ, ಇವ್ಳು ಕೇಳ್ತಿದಾಳೆ. ನಿಮ್ಮ ತಂಗಿದು ಏನಾದ್ರೂ ಹೇಳ್ರಿ," ಅಂದೆ. ಅವರು ತಂಗಿಯ ಹೆಸರೆತ್ತಿ ಎಷ್ಟೋ ವರ್ಷವಾಗಿತ್ತು. ಮಗ್ಗದ ಸದ್ದು ನಿಂತಿತು. ಕೇಳಬಾರದಿತ್ತೇನೋ ಅಂದುಕೊಳ್ಳುತ್ತಿದ್ದೆ.

"ಬಾ ಇಲ್ಲಿ," ಎಂದ ಅವರ ದನಿ ಕೇಳಿಸಿತು. ಹುಡುಗಿ ಬಿಚ್ಚಿದ ಕೂದಲಲ್ಲೇ ಓಡಿ ಹೋಗಿ ಅವರ ಪಕ್ಕ ಕೂತಳು. "ನಿಮ್ಮವ್ವ ನಿನಗಿಂತ ಸಣ್ಣಾಕಿ ಇದ್ದಾಗ ಒಂದ್ಸಲ ಏನಾಯ್ತು ಅಂದ್ರೆ," ಎಂದು ಅವರು ಶುರು ಮಾಡಿದರು. ಆ ಕತೆ ನನಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಬಾಚಣಿಗೆ ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ ನಿಂತೆ.